ಅರಿಶಿನದ ಕಲೆ ಕೆಂಪಾದರೆ ಹೆದರಬೇಡಿ

ಅತ್ತಿಗೆ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ನಾಗರಭಾವಿ ಗೃಹಪ್ರವೇಶದ ಊಟದಲ್ಲಿ ಮಗನ ಬಿಳಿ ಕಾಟನ್ ಜುಬ್ಬಾ ಮೇಲೆ ಸಾರು ಚೆಲ್ಲಿತು, ಮನೆಗೆ ಬಂದು ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಾಯಿತು, ಬಟ್ಟೆ ಹಾಳಾಯಿತಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಹಾಳಾಗಿಲ್ಲ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ವಾ, ಇಲ್ಲಿ ಆಗಿರುವುದೂ ಅದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್‌ಗೆ ಕ್ಷಾರ ತಗುಲಿದರೆ ಬಣ್ಣ ತಿರುಗುತ್ತದೆ. ಸುಣ್ಣವೂ ಕ್ಷಾರ, ಬಟ್ಟೆ ಸೋಪೂ ಕ್ಷಾರ. ಸೋಪೆಲ್ಲಾ ಹೋಗುವವರೆಗೆ ಚೆನ್ನಾಗಿ ಜಾಲಿಸಿ, ಕೊನೆಯ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ. ಕೆಂಪು ಹೋಗಿ ಮತ್ತೆ ಹಳದಿಗೆ ಬರುತ್ತದೆ.

ಆಮೇಲೆ ಒದ್ದೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಹಳದಿಯ ಸುತ್ತ ನೀರು ಹೀರದ ಒಂದು ಅಂಚು ಕಂಡರೆ ಅದು ಒಗ್ಗರಣೆ ಎಣ್ಣೆ. ಅರಿಶಿನದ ಬಣ್ಣ ನೀರಲ್ಲಿ ಕರಗುವುದಿಲ್ಲ, ಎಣ್ಣೆಯನ್ನೇ ಹಿಡಿದುಕೊಂಡು ಕೂರುತ್ತದೆ. ಹಾಗಾಗಿ ಮೊದಲು ಎಣ್ಣೆ ತೆಗೆಯಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಬಟ್ಟೆಯ ಹಿಂಬದಿಯಿಂದ ಬೆರಳಲ್ಲೇ ಸವರಿ ಕಾಲು ಗಂಟೆ ಬಿಡಿ. ಮತ್ತೆ ಸ್ವಲ್ಪ ಕೆಂಪು ಕಂಡರೂ ಪರವಾಗಿಲ್ಲ. ಬ್ರಷ್ ಹಾಕಿ ಉಜ್ಜಬೇಡಿ, ನೂಲು ಎದ್ದು ಆ ಜಾಗ ಸವೆದ ಹಾಗೆ ಕಾಣುತ್ತದೆ.

ಉಳಿದ ಹಳದಿಗೆ ಬಿಸಿಲೇ ಮದ್ದು. ಈ ಬಣ್ಣ ಬೆಳಕಿಗೆ ತಡೆಯುವುದಿಲ್ಲ. ಜುಬ್ಬಾ ಒದ್ದೆ ಇರುವಾಗಲೇ ಕಲೆ ಮೇಲಕ್ಕೆ ಬರುವಂತೆ ಟೆರೇಸ್ ಮೇಲೆ ಹರವಿ. ಒಣಗಿದರೆ ನೀರು ಚಿಮುಕಿಸಿ. ಶ್ರಾವಣದ ಮೋಡ ಅಂತ ಸುಮ್ನೆ ಒಳಗೆ ಇಡಬೇಡಿ, ಮೋಡದ ಬೆಳಕಲ್ಲೂ ಕೆಲಸ ಆಗುತ್ತದೆ, ಎರಡು ಮೂರು ದಿನ ಜಾಸ್ತಿ ಹಿಡಿಯಬಹುದು ಅಷ್ಟೇ. ಇದು ಬಿಳಿ ಬಟ್ಟೆಗೆ ಮಾತ್ರ. ಬಣ್ಣದ ಬಟ್ಟೆ ಆದರೆ ಅದರ ಬಣ್ಣವೂ ಮಾಸುತ್ತದೆ.

ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಬೇಡ, ಡ್ರೈಯರ್ ಬೇಡ. ಬಿಸಿ ತಗುಲಿದರೆ ಕಲೆ ಕಚ್ಚಿಕೊಳ್ಳುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗಂತೂ ಬಿಸಿನೀರು ಸೋಕಿಸಲೇಬಾರದು, ತಣ್ಣೀರೇ ಸರಿ.

ಗ್ರೂಪಲ್ಲಿ ಯಾರೋ ಬ್ಲೀಚ್ ಹಾಕಿ ಮೇಲೆ ನಿಂಬೆರಸ ಹಿಂಡಿ ಅಂತ ಬರೆದಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬ್ಲೀಚ್ ಜೊತೆ ನಿಂಬೆ, ವಿನಿಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಯಾವುದು ಸೇರಿದರೂ ಕ್ಲೋರಿನ್ ಅನಿಲ ಬರುತ್ತದೆ. ನಮ್ಮ ಫ್ಲಾಟ್‌ಗಳ ಬಾತ್‌ರೂಮು ಎಷ್ಟು ಇಕ್ಕಟ್ಟು ಅಂತ ಗೊತ್ತಲ್ಲ, ಬಾಗಿಲು ಹಾಕಿಕೊಂಡು ಒಗೆಯುವವರಿಗೆ ಉಸಿರು ಕಟ್ಟುತ್ತದೆ. ಆ ಮೆಸೇಜ್ ಡಿಲೀಟ್ ಮಾಡಿದರೆ ಒಳ್ಳೆಯದು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಿಳಿ ಬಟ್ಟೆ ಮೇಲೆ ಕಂದು ಚುಕ್ಕೆ ಬೀಳುವುದು ಬೇರೆ ಕಥೆ. ಅದು ಹೆಚ್ಚಾಗಿ ಕಬ್ಬಿಣದ ತುಕ್ಕು. ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸಕ್ಕೆ ಉಪ್ಪು ಬೆರೆಸಿ ಹಚ್ಚಿ, ಬಿಸಿಲಲ್ಲಿಟ್ಟು, ಚೆನ್ನಾಗಿ ತೊಳೆಯಿರಿ. ಬಟ್ಟೆ ದಿನೇ ದಿನೇ ಬೂದಾಗುತ್ತಿದ್ದರೆ ಗಡಸು ನೀರಲ್ಲಿ ಸೋಪಿನ ಜಿಡ್ಡು ಉಳಿಯುತ್ತಿದೆ ಅಂತ ತಿಳಿಯಿರಿ. ಮನೆಯಲ್ಲಿ ಕಾವೇರಿ ನೀರೂ ಬರುತ್ತಿದ್ದರೆ ಕೊನೆಯ ಜಾಲಿಸುವಿಕೆಗಾದರೂ ಅದನ್ನೇ ಇಟ್ಟುಕೊಳ್ಳಿ.

ದೊಡ್ಡಮ್ಮ, ನಿಮ್ಮ ರೇಷ್ಮೆ ಸೀರೆ ಮೇಲಿನ ದೀಪದ ಎಣ್ಣೆಗೆ ಇದ್ಯಾವುದೂ ಬೇಡ. ನೀರು ಕೂಡ ಬೇಡ, ವೃತ್ತಾಕಾರದ ಗುರುತು ನಿಲ್ಲುತ್ತದೆ. ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೆಲ್ಲಗೆ ಕೊಡವಿ. ಆಮೇಲೆ ಡ್ರೈಕ್ಲೀನಿಂಗ್‌ಗೆ ಕೊಡುವಾಗ ಜಾಗ ತೋರಿಸಿ, ಇದು ಎಣ್ಣೆ ಅಂತ ಬಾಯಿಬಿಟ್ಟು ಹೇಳಿ. ಯಾವ ಕಲೆ ಅಂತ ಗೊತ್ತಿದ್ದರೆ ಅವರಿಗೂ ಸರಿಯಾದ ಔಷಧಿ ಹಾಕಲು ಅನುಕೂಲ.

ಅತ್ತಿಗೆ, ಜುಬ್ಬಾ ಇಸ್ತ್ರಿ ಅಂಗಡಿಗೆ ಹೋಗಿದ್ದರೆ ಈಗಲೇ ಫೋನ್ ಮಾಡಿ ತಡೆಯಿರಿ. ಒಂದು ಸಲ ಬಿಸಿಲಿಗೆ ಹಾಕಿದ ಮೇಲೆ ಫೋಟೊ ಕಳಿಸಿ, ಎಷ್ಟು ಉಳಿದಿದೆ ನೋಡಿ ಮುಂದಿನದು ಹೇಳುತ್ತೇನೆ.