ಪ್ಲಾಟಿನಂ ಮನೆಯ ಕರೆಂಟ್ ಬಿಲ್ಲು

ಈ ಸಲ ಕಾಫಿಗೆ ದುಡ್ಡು ಕೊಡೋದಿಲ್ಲ ಅಂತ ಸೀನ ಬಂದ ಕೂಡಲೇ ಹೇಳಿಬಿಟ್ಟ. ಯಾಕೋ ಅಂದರೆ ಮೊಬೈಲ್ ತೆಗೆದು ಬೆಸ್ಕಾಂ ಬಿಲ್ಲು ತೋರಿಸಿದ. ಚಾಮರಾಜಪೇಟೆಯ ಹಳೇ ಮನೆಯಲ್ಲಿದ್ದಾಗ ಅವನಿಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು. ಈಗ ಕನಕಪುರ ರಸ್ತೆಯ ಕಡೆ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟ್. ಮನೆ ದೊಡ್ಡದು, ಸಾಲ ಅದಕ್ಕಿಂತ ದೊಡ್ಡದು, ಮೀಟರ್ 200 ಯೂನಿಟ್ ದಾಟಿದೆ. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ.

"ಹಸಿರು ಕಟ್ಟಡ ಅಂತ ಪ್ಲಾಟಿನಂ ರೇಟಿಂಗ್ ಇರೋ ಕಟ್ಟಡ ಕಣ್ರೋ! ಕರೆಂಟ್ ಉಳಿಯುತ್ತೆ ಅಂತ ಬ್ರೋಷರ್‌ನಲ್ಲೇ ಹಾಕಿದ್ದರು. ಅದಕ್ಕೇ ಅಂತ ಚದರಡಿಗೆ ಜಾಸ್ತಿ ಬೇರೆ ಕೊಟ್ಟಿದ್ದೀನಿ."

ಮೇಷ್ಟ್ರು ಇಡ್ಲಿ ಮುರಿಯುತ್ತಾ ಕೇಳಿದರು, "ಆ ಪ್ಲಾಟಿನಂ ಯಾವಾಗ ಬಂತಪ್ಪ?"

"ನಾನು ಬುಕ್ ಮಾಡುವಾಗಲೇ ಬಂದಿತ್ತು ಮೇಷ್ಟ್ರೇ."

"ಆಗ ಕಟ್ಟಡ ಎಷ್ಟು ಮಹಡಿ ಎದ್ದಿತ್ತು?"

"ಕಟ್ಟಡ ಎಲ್ಲಿತ್ತು? ಗುಂಡಿ ತೋಡಿದ್ದರು."

"ಹಾಗಾದರೆ ಪ್ಲಾಟಿನಂ ಬಂದಿದ್ದು ಗುಂಡಿಗೆ."

ಮೇಷ್ಟ್ರು ನಮ್ಮ ಮೂವರಿಗೂ ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡಿದವರು. ರಿಟೈರ್ ಆದಮೇಲೂ ಪ್ರಶ್ನೆ ಕೇಳುವ ಚಟ ಹೋಗಿಲ್ಲ. ರಾಜಿ ಮನೆಗಳ ನಕ್ಷೆ ಬರೆಯುವವಳು. ಅವಳಿಗೆ ಬಿಲ್ಡರನ ಮೇಲೂ ಸ್ವಲ್ಪ ಕನಿಕರ.

"ನಕ್ಷೆ ನೋಡಿ ಮೊದಲೇ ಒಂದು ಪ್ರೀ-ಸರ್ಟಿಫಿಕೇಟ್ ಕೊಡುವ ಪದ್ಧತಿ ಇದೆ ಮೇಷ್ಟ್ರೇ. ಕಟ್ಟಿ ಮುಗಿದ ಮೇಲೆ ಇನ್ನೊಂದು ಸಲ ನೋಡುತ್ತಾರೆ. ಆದರೆ ಎರಡು ಸಲವೂ ನೋಡುವುದು ಗೋಡೆ, ಗಾಜು, ಲೈಟು, ಪೈಪು. ಒಳಗೆ ಬರುವವನು ಸೀನ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

"ಜಾತಕ ಇದ್ದ ಹಾಗೆ ಅನ್ನು," ಅಂದರು ಮೇಷ್ಟ್ರು. "ಗುಣ ಕೂಡಿದೆ ಅಂತ ಜೋಯಿಸರು ಬರೆದು ಕೊಟ್ಟಾಯ್ತು. ಬೆಳಗ್ಗೆ ಎದ್ದು ಜಗಳ ಆಡುವವರು ಬೇರೆಯವರು."

ಸೀನ ಸೋಲುವ ಪೈಕಿ ಅಲ್ಲ. ಅವನ ಮನೆಯ ಕಿಟಕಿಗಳು ಲೆಕ್ಕ ಹಾಕಿ ಇಟ್ಟಿದ್ದಂತೆ, ಗಾಳಿಗೆ ಫ್ಯಾನೇ ಬೇಡ ಅಂದಿದ್ದರಂತೆ. ಅದು ನಿಜವೇ, ಅಂದಳು ರಾಜಿ. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ತಂದ ಇಕೋ ನಿವಾಸ್ ಸಂಹಿತೆ ಅನ್ನುವ ಮನೆ ಕಟ್ಟುವ ನಿಯಮಾವಳಿಯಲ್ಲಿ ಇದಕ್ಕೆಲ್ಲ ಲೆಕ್ಕ ಇದೆ. ಬೆಂಗಳೂರು ಹಿತವಾದ ಹವೆಯ ವಲಯಕ್ಕೆ ಸೇರುತ್ತದೆ. ಇಲ್ಲಿ ತೆರೆಯಲು ಬರುವ ಕಿಟಕಿ-ಬಾಗಿಲಿನ ಜಾಗ ನೆಲದ ವಿಸ್ತೀರ್ಣದ ಶೇ. 12.5 ಆದರೂ ಇರಬೇಕು. ಗೋಡೆ, ಗಾಜಿನಿಂದ ಒಳಗೆ ಬರುವ ಬಿಸಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು.

"ನಿನ್ನ ಕಿಟಕಿ ತೆರೆದಿರುತ್ತಾ ಸೀನ?" ಅಂತ ನಾನು ಕೇಳಿದೆ.

"ಹೇಗಯ್ಯಾ ತೆಗೀಲಿ? ಸಂಜೆ ಐದಾದರೆ ಸೊಳ್ಳೆ. ಹಗಲು ಮೆಟ್ರೋ ಕಡೆಯ ಧೂಳು. ಬಾಲ್ಕನಿಯಲ್ಲಿ ಪಾರಿವಾಳ. ಬಲೆ ಹಾಕಿಸಿದ್ದೀನಿ, ಈಗ ಬಲೆಯ ಒಳಗಡೆಯೇ ಒಂದು ಸಂಸಾರ ಮಾಡಿಕೊಂಡಿದೆ."

"ನೋಡು, ಅವರು ಲೆಕ್ಕ ಹಾಕಿದ್ದು ತೆರೆಯಬಹುದಾದ ಕಿಟಕಿಯನ್ನು. ತೆರೆದ ಕಿಟಕಿಗೆ ಕಾಲಂ ಇಲ್ಲ," ಅಂದಳು ರಾಜಿ.

ಕಿಟಕಿ ಮುಚ್ಚಿದ ಮೇಲೆ ಎಸಿ ಬಂದೇ ಬರಬೇಕಲ್ಲ. ಬಂದಿದೆ, ಐದು ಸ್ಟಾರ್‌ದು. ಸೀನನಿಗೆ ಅದರ ಮೇಲೆ ಮಗನಿಗಿಂತ ಹೆಚ್ಚು ನಂಬಿಕೆ. ರಾಜಿ ಅದರ ಸ್ಟಾರ್ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಿದಳು. ಬಿಇಇ ಅಂತ ಒಂದು ಕೇಂದ್ರ ಸಂಸ್ಥೆ ಇದೆ. 2006ರಿಂದ ಈ ಸ್ಟಾರ್ ಚೀಟಿ ನಡೆಸಿಕೊಂಡು ಬಂದಿದೆ. ಎಸಿ ವರ್ಷಕ್ಕೆ 1,600 ಗಂಟೆ ಓಡುತ್ತದೆ ಅಂತ ಅವರ ಲೆಕ್ಕ. ಹೊರಗಿನ ಬಿಸಿ 24 ಡಿಗ್ರಿಯಿಂದ 43 ಡಿಗ್ರಿವರೆಗೆ ಇರುತ್ತದೆ ಅಂತ ಹಿಡಿಯುತ್ತಾರೆ. ಇಡೀ ದೇಶಕ್ಕೆ ಅದೊಂದೇ ಪಟ್ಟಿ.

"ಬೆಂಗಳೂರಿನಲ್ಲಿ 43 ಯಾವತ್ತಯ್ಯಾ ಬಂದಿದೆ?" ಅಂದರು ಮೇಷ್ಟ್ರು. "2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿದ್ದಕ್ಕೇ ಊರೆಲ್ಲ ತಲೆ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡಿತ್ತು."

"ಅದೇ ನಾನು ಹೇಳೋದು," ಅಂದಳು ರಾಜಿ. "ನಮ್ಮನೆ ಎಸಿ ವರ್ಷದಲ್ಲಿ ಏಪ್ರಿಲ್‌ನ ಕೆಲವು ರಾತ್ರಿ ಓಡುತ್ತೆ ಅಷ್ಟೇ. ಚೀಟಿಯಲ್ಲಿ ಬರೆದ ಯೂನಿಟ್‌ನ ಹತ್ತಿರವೂ ನಾನು ಹೋಗೋದಿಲ್ಲ. ಸೀನ, ನಿಂದು?"

ಸೀನ ಚಟ್ನಿ ನೋಡುತ್ತಾ ಕೂತ. ಅವನ ಪರವಾಗಿ ನಾನೇ ಹೇಳಬೇಕಾಯಿತು. ಆ ಮನೆಗೆ ನಾನು ಹೋಗಿದ್ದೇನೆ. ಮಗನ ಕೋಣೆಯಲ್ಲಿ ಎಸಿ 18ರಲ್ಲಿ ಇರುತ್ತದೆ. ಮಗ ರಗ್ಗು ಹೊದ್ದು ಮಲಗಿರುತ್ತಾನೆ. ರಗ್ಗಿನೊಳಗೆ ಸೆಕೆ ಆಗುತ್ತದೆ ಅಂತ ಫ್ಯಾನೂ ತಿರುಗುತ್ತಿರುತ್ತದೆ. ಸ್ಟಾರ್ ಚೀಟಿ ಇರುವ ಎಸಿ ಆನ್ ಮಾಡಿದರೆ 24ರಲ್ಲೇ ಶುರುವಾಗಬೇಕು ಅಂತ 2020ರಿಂದ ನಿಯಮ ಬಂದಿದೆ. ಶುರುವೇನೋ ಆಗುತ್ತದೆ. ಆಮೇಲೆ ರಿಮೋಟು ಮಗನ ಕೈಯಲ್ಲಿ.

"ಐದು ಸ್ಟಾರ್ ಅಲ್ವಾ, ಎಷ್ಟು ಓಡಿದರೂ ಕಡಿಮೆಯೇ ಅಂತ..." ಸೀನ ರಾಗ ಎಳೆದ.

"ಇಂಗ್ಲೆಂಡಿನ ಜೆವನ್ಸ್ ಅನ್ನುವವನು 1865ರಲ್ಲೇ ನಿನ್ನ ಬಗ್ಗೆ ಬರೆದಿದ್ದಾನೆ," ಅಂದರು ಮೇಷ್ಟ್ರು. "ಉಗಿ ಯಂತ್ರ ಸುಧಾರಿಸಿ ಕಲ್ಲಿದ್ದಲು ಕಡಿಮೆ ತಿನ್ನತೊಡಗಿತು. ಆಗ ಎಲ್ಲರೂ ಯಂತ್ರ ಇಟ್ಟರು, ಊರಿನ ಒಟ್ಟು ಕಲ್ಲಿದ್ದಲು ಖರ್ಚು ಏರಿತು. ಅಗ್ಗ ಆಯ್ತು ಅಂದರೆ ನಾವು ಕೈ ಬಿಚ್ಚುತ್ತೀವಿ."

ಗೀಸರ್‌ದು ಇನ್ನೂ ಸ್ವಾರಸ್ಯ. ಸೀನನ ಗೀಸರಿಗೂ ಐದು ಸ್ಟಾರ್. ಆ ಸ್ಟಾರ್ ಹೇಳುವುದು ಒಂದೇ ವಿಷಯ. ಕಾದ ನೀರು ಸುಮ್ನೆ ನಿಂತಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ, ಅಷ್ಟು ಮಾತ್ರ. ನೀರು ಕಾಯಿಸುವುದಕ್ಕೆ ರಿಯಾಯಿತಿ ಇಲ್ಲ. 15 ಲೀಟರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.7 ಯೂನಿಟ್ ಬೇಕೇ ಬೇಕು. ಒಂದು ಸ್ಟಾರ್ ಆಗಲಿ ಐದಾಗಲಿ, ನೀರಿಗೆ ಸ್ಟಾರ್ ಓದಲು ಬರುವುದಿಲ್ಲ. ಸೀನನ ಮಗ ಶವರ್ ಕೆಳಗೆ ಎರಡು ಹಾಡು ಮುಗಿಸಿ ಮೂರನೆಯದಕ್ಕೆ ಶ್ರುತಿ ಹಿಡಿಯುವವನು.

"ಸೋಲಾರ್ ಇಲ್ಲವಾ ನಿಮ್ಮಲ್ಲಿ?"

"ಇದೆ, ತಾರಸಿ ತುಂಬ. ನೀರು ಬರೋದು ಮೇಲಿನ ಮೂರು ಮಹಡಿಗೆ. ನಾನಿರೋದು ಎರಡನೇ ಮಹಡಿ. ನಮಗೆ ಅದನ್ನು ನೋಡುವ ಭಾಗ್ಯವೂ ಇಲ್ಲ, ತಾರಸಿಗೆ ಬೀಗ."

ಫ್ರಿಜ್ ವಿಚಾರ ಹೆಚ್ಚು ಬೆಳೆಸಲಿಲ್ಲ. ಲ್ಯಾಬಿನಲ್ಲಿ ಅದನ್ನು ಬಾಗಿಲು ಮುಚ್ಚಿಟ್ಟು ಅಳೆಯುತ್ತಾರೆ ಅಂದಾಗ ಎಲ್ಲರಿಗೂ ನಗು ಬಂತು. ಯಾರ ಮನೆಯಲ್ಲಿ ಮುಚ್ಚಿರುತ್ತದೆ? ನಮ್ಮನೆಯ ಫ್ರಿಜ್ ಗೋಡೆಗೆ ಬೆನ್ನು ಒತ್ತಿ ನಿಂತಿದೆ, ತಲೆ ಮೇಲೆ ಹೂವಿನ ಕಸೂತಿಯ ಕವರು, ಅದರ ಮೇಲೆ ಹಳೇ ಕ್ಯಾಲೆಂಡರುಗಳ ಸುರುಳಿ. ಒಳಗೆ ಮೂರು ಡಬ್ಬಿ ದೋಸೆ ಹಿಟ್ಟು. ಅದರಲ್ಲಿ ಒಂದು ಡಬ್ಬಿಯ ಹಿಟ್ಟು ಯಾವಾಗ ರುಬ್ಬಿದ್ದು ಅಂತ ಯಾರೂ ಬಾಯಿ ಬಿಡುವುದಿಲ್ಲ.

ಆಗ ಸೀನ ಒಂದು ಒಳ್ಳೆ ಮಾತು ಕೇಳಿದ. ಹಳೇ ಮನೆಗೆ ಯಾವ ರೇಟಿಂಗೂ ಇರಲಿಲ್ಲ. ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ, ಸರಿಯಾಗಿ ಕೂರದ ಕಿಟಕಿ. ಯಾರಾದರೂ ರೇಟಿಂಗ್ ಕೊಡಲು ಬಂದಿದ್ದರೆ ಗೇಟಿನಿಂದಲೇ ವಾಪಸ್ ಹೋಗುತ್ತಿದ್ದರು. ಆದರೂ ಬಿಲ್ಲು ಯಾಕೆ ಕಡಿಮೆ ಬರುತ್ತಿತ್ತು?

"ನಿಮ್ಮಪ್ಪ ಇದ್ದರಲ್ಲ," ಅಂದೆ.

ಅವರನ್ನು ಕಂಡವರಿಗೆ ವಿವರಣೆ ಬೇಡ. ಕೋಣೆಯಿಂದ ಯಾರಾದರೂ ಎದ್ದರೆ ಸಾಕು, ಅವರು ಬಾಗಿಲು ದಾಟುವ ಮೊದಲೇ ಫ್ಯಾನ್ ಆಫ್. ಒಮ್ಮೆ ನಾನು ಪೆನ್ನು ಬಿತ್ತು ಅಂತ ಬಗ್ಗಿದ್ದಕ್ಕೇ ಲೈಟು ಆರಿತ್ತು.

ಇದು ಚಾಮರಾಜಪೇಟೆಯ ಕಥೆ ಮಾತ್ರ ಅಲ್ಲವಂತೆ. ಕೇಂಬ್ರಿಡ್ಜಿನ ಇಬ್ಬರು ಸಂಶೋಧಕರು ಜರ್ಮನಿಯ ಸುಮಾರು 3,400 ಮನೆಗಳ ಅಂಕಿ ನೋಡಿ 2012ರಲ್ಲಿ ಇದನ್ನೇ ಬರೆದರು ಅಂದಳು ರಾಜಿ. ಮನೆ ಬಿಸಿ ಮಾಡಲು ಲೆಕ್ಕ ಹೇಳಿದ್ದಕ್ಕಿಂತ ಜನ ಸರಾಸರಿ ಶೇ. 30ರಷ್ಟು ಕಡಿಮೆ ಉರಿಸುತ್ತಿದ್ದರು. ಮನೆ ಎಷ್ಟು ಕಳಪೆಯೋ ಅಂತರ ಅಷ್ಟು ಜಾಸ್ತಿ. ಬಿಸಿ ಸೋರುವ ಮನೆಯವರು ಒಂದೇ ಕೋಣೆ ಬಿಸಿ ಮಾಡಿಕೊಂಡು ಸ್ವೆಟರ್ ಹಾಕಿ ಕೂರುತ್ತಾರೆ. ಚೆನ್ನಾಗಿ ಕಟ್ಟಿದ ಮನೆಯವರು ಧಾರಾಳ ಆಗುತ್ತಾರೆ.

"ಅಂದರೆ ತಪ್ಪೆಲ್ಲ ನಮ್ಮದೇ?" ಸೀನನಿಗೆ ಮತ್ತೆ ಸಿಟ್ಟು.

"ಹಾಗೂ ಅಲ್ಲ ಕಣೋ," ಅಂದಳು ರಾಜಿ. "ಬ್ರಿಟನ್ನಿನಲ್ಲಿ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಎ ಇಂದ ಜಿ ವರೆಗೆ ದರ್ಜೆ ಬರೆದ ಚೀಟಿ ಬೇಕು. ಆ ಲೆಕ್ಕದಲ್ಲಿ ಒಂದು ಮಾದರಿ ಕುಟುಂಬ ಇದೆ. ಹಾಲ್ 21 ಡಿಗ್ರಿ, ಉಳಿದ ಕೋಣೆ 18, ದಿನಕ್ಕೆ ಒಂಬತ್ತು ಗಂಟೆ ಹೀಟರ್."

"ಗಂಡ ಹೆಂಡತಿ ರಿಮೋಟಿಗೆ ಜಗಳ ಆಡೋದಿಲ್ಲವಾ ಆ ಮನೆಯಲ್ಲಿ?"

"ಇಲ್ಲ, ಅದಕ್ಕೇ ಅದು ಮಾದರಿ. 2023ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಸಾವಿರಕ್ಕೂ ಮೇಲ್ಪಟ್ಟು ಮನೆಗಳ ಸ್ಮಾರ್ಟ್ ಮೀಟರನ್ನು ಆ ಚೀಟಿಯ ಜೊತೆ ಹೋಲಿಸಿದರು. ಸಿ ದರ್ಜೆಯ ಮನೆಗಳು ಚೀಟಿಗಿಂತ ಶೇ. 8 ಕಡಿಮೆ ಬಳಸಿದ್ದವು. ಎಫ್, ಜಿ ದರ್ಜೆಯವು ಶೇ. 48 ಕಡಿಮೆ. ಆ ಮಾದರಿ ಕುಟುಂಬದ ಹಾಗೇ ಬದುಕುವವರನ್ನು ಬೇರೆ ಮಾಡಿ ನೋಡಿದರು. ಅಲ್ಲೂ ಅಂತರ ಹೋಗಲಿಲ್ಲ. ಅಂದಮೇಲೆ ಲೆಕ್ಕದಲ್ಲೂ ಲೋಪ ಇದೆ."

ಮೇಷ್ಟ್ರು ಇದನ್ನು ಕೇಳಿ ಖುಷಿಯಾದರು. ಉತ್ತರ ಪತ್ರಿಕೆ ಮಾತ್ರ ಅಲ್ಲ, ಪ್ರಶ್ನೆ ಪತ್ರಿಕೆಯೂ ತಪ್ಪಿದೆ ಅಂದರೆ ಯಾವ ಮೇಷ್ಟರಿಗೆ ಖುಷಿ ಆಗೋದಿಲ್ಲ?

ನನ್ನ ಕೇಳಿದರೆ ರೇಟಿಂಗ್ ಬೇಕು. ಪಕ್ಕಪಕ್ಕ ಇಟ್ಟ ಎರಡು ಫ್ರಿಜ್‌ಗಳಲ್ಲಿ ಯಾವುದು ವಾಸಿ ಅಂತ ತಿಳಿಯಲು ಬೇರೆ ದಾರಿ ಏನಿದೆ? ಮುಂದಿನ ತಿಂಗಳ ಬಿಲ್ಲು ಎಷ್ಟು ಅಂತ ಅದನ್ನು ಕೇಳಬಾರದು, ಅಷ್ಟೇ. ಸೀನನಿಗೆ ಇದನ್ನು ಹೇಳಿದೆ. ಅವನು ಆಗಲೇ ಮೊಬೈಲಿನಲ್ಲಿ ಮೇಂಟೆನೆನ್ಸ್ ಬಿಲ್ಲು ಹುಡುಕುತ್ತಿದ್ದ. ಲಿಫ್ಟು, ಬೋರ್‌ವೆಲ್ ಮೋಟರು, ಕೊಳಚೆ ನೀರು ಶುದ್ಧ ಮಾಡುವ ಘಟಕ, ಬೇಸ್‌ಮೆಂಟಿನ ಲೈಟು. ಇವೆಲ್ಲ ಅವನ ಮೀಟರಿಗೆ ಬರದೆ ಬೇರೆ ಬಾಗಿಲಿನಿಂದ ಬರುತ್ತಿದ್ದವು. ಮುಖ ಇನ್ನಷ್ಟು ಸಣ್ಣಗಾಯಿತು.

"ಹೋಗಲಿ, ಆ ಪ್ಲಾಟಿನಂ ಸರ್ಟಿಫಿಕೇಟ್ ಎಲ್ಲಿಟ್ಟಿದ್ದಾರೆ?" ರಾಜಿ ಕೇಳಿದಳು.

"ಕೆಳಗೆ ಲಾಬಿಯಲ್ಲಿ. ದೊಡ್ಡ ಫ್ರೇಮ್ ಹಾಕಿಸಿದ್ದಾರೆ. ಅದು ಚೆನ್ನಾಗಿ ಕಾಣಲಿ ಅಂತ ಮೇಲಿಂದ ನಾಲ್ಕು ಫೋಕಸ್ ಲೈಟು."

"ರಾತ್ರಿ ಆರಿಸುತ್ತಾರಾ?"

"ಸ್ವಿಚ್ ಎಲ್ಲಿದೆ ಅಂತ ಸೆಕ್ಯೂರಿಟಿಗೂ ಗೊತ್ತಿಲ್ಲ."