ಅಪ್‌ಡೇಟ್: ಮನೆ ಸದ್ಯಕ್ಕೆ ಉಳೀತು

ಹೋದ ಸಲ ಕೇಳಿದ್ನಲ್ಲ, ಯಜಮಾನ್ರ ಕೆಲ್ಸ ಹೋಗಿ ಹೋಮ್ ಲೋನ್ ನಾಲ್ಕು ಇಎಂಐ ಬಾಕಿ, ಬ್ಯಾಂಕಿಂದ ಸರ್ಫೇಸಿ ನೋಟಿಸ್ (ಸಾಲ ಕಟ್ಟದಿದ್ರೆ ಅಡ ಇಟ್ಟ ಮನೆನ ಬ್ಯಾಂಕ್ ವಶಕ್ಕೆ ತಗೊಳ್ಳೋ ಕಾನೂನಿಂದು) ಬಂದಿದೆ ಏನ್ಮಾಡ್ಲಿ ಅಂತ, ಅದ್ರದ್ದೇ ಇದು.

ನೋಟಿಸಲ್ಲಿ 60 ದಿನದೊಳ್ಗೆ ಕಟ್ಟಿ ಅಂತ ಬರ್ದಿತ್ತಲ್ಲ, 61ನೇ ದಿನ ಬೀಗ ಹಾಕ್ತಾರೆ ಅಂತ್ಲೇ ಅನ್ಕೊಂಡಿದ್ದೆ, ನಿದ್ದೆನೇ ಇಲ್ಲ. ಹಂಗಲ್ವಂತೆ. ನಮಗೆ ಬಂದಿದ್ದು ಆ ಕಾನೂನಿನ 13(2) ಸೆಕ್ಷನ್ ನೋಟಿಸ್, ಅಂದ್ರೆ ದುಡ್ಡು ಕಟ್ಟಿ ಅಂತ ಕೇಳೋದು ಅಷ್ಟೇ, ಅದಕ್ಕೆ ನಾವು ಆಕ್ಷೇಪಣೆ ಬರ್ದು ಕೊಟ್ರೆ ಅವ್ರು 15 ದಿನದೊಳ್ಗೆ ಉತ್ತರ ಕೊಡ್ಲೇಬೇಕು. ಎರಡು ಕಾಪಿ ತಗೊಂಡೋದೆ, ಕೌಂಟರಲ್ಲಿದ್ದೋರು 'ಇಟ್ಟೋಗಿ ಮೇಡಂ, ಸೀಲೆಲ್ಲ ಯಾಕೆ' ಅಂದ್ರು, ನಾನು ಜಗ್ಗಲಿಲ್ಲ, ಸೀಲ್, ಡೇಟ್, ಸೈನ್ ಮೂರೂ ಹಾಕಿಸ್ಕೊಂಡೇ ಬಂದೆ.

ಮ್ಯಾನೇಜರ್ ಕರ್ಸಿ ಮಾತಾಡಿದ್ರು. ಒಂದೆರಡು ಕಂತು ಕಟ್ಟಿದ್ರೆ ಎನ್‌ಪಿಎ (ಕೆಟ್ಟ ಸಾಲ ಅನ್ನೋ ಹಣೆಪಟ್ಟಿ) ಹೋಗಲ್ಲ, ಬಾಕಿ ಪೂರ್ತಿ ಕಟ್ಬೇಕು ಅಂದ್ರು. ಅತ್ತೆ ತಾವಾಗೇ ಬಳೆ ಬಿಚ್ಚಿ ಕೊಟ್ರು, ಅಡ ಇಟ್ಟು 85,600 ಮತ್ತೆ ಚಾರ್ಜಸ್ ಕಟ್ಟಿದ್ವಿ. ಆಮೇಲೆ ಉಳ್ದಿದ್ದ 11 ವರ್ಷನ 16 ಮಾಡಿದ್ರು, 21,400 ಇದ್ದ ಇಎಂಐ ಸುಮಾರು 17,600ಕ್ಕೆ ಇಳೀತು. ಬಡ್ಡಿ ಒಟ್ಟು ಜಾಸ್ತಿನೇ ಆಗತ್ತೆ ಗೊತ್ತು, ಆದ್ರೆ ಈಗ ಉಸಿರಾಡ್ಬೇಕಲ್ಲ.

ಮನೆ ವಶಕ್ಕೆ ತಗೊಂಡ್ವಿ ಅನ್ನೋ ಪೊಸೆಷನ್ ನೋಟಿಸ್ ಬಂದಿದ್ರೂ ಡಿಆರ್‌ಟಿಗೆ (ಸಾಲದ ಕೇಸು ನೋಡೋ ನ್ಯಾಯಮಂಡಳಿ) ಹೋಗೋಕೆ 45 ದಿನ ಇರತ್ತಂತೆ, ಲಾಯರ್ ಹೇಳಿದ್ರು, ಸದ್ಯ ಅಲ್ಲಿ ತನಕ ಹೋಗ್ಲಿಲ್ಲ. ಯಜಮಾನ್ರು ಈಗ ಕ್ಯಾಬ್ ಓಡಿಸ್ತಿದಾರೆ. ಬಳೆ ಇನ್ನೂ ಬಿಡಿಸ್ಕೊಂಡಿಲ್ಲ.