ಚಿಗರಿ, ತೋಳ, ಕತ್ತೆಕಿರುಬ: ನಮ್ಮ ಕಡೆಯ ಪ್ರಾಣಿಗಳ ನಿಜ ತರಹದ ಸಣ್ಣ ಗೊಂಬೆ ಎಲ್ಲಾದರೂ ಸಿಗುತ್ತವಾ?

ಸೇಡಂ ಮುನೀಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಸೇಡಂ, ಕೆಲಸ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವುದು. ನನ್ನ ಹುಚ್ಚು ಏನಂತ ಹೇಳಿದರೆ ಮಿಲ್‌ನಲ್ಲಿ ನಗುತ್ತಾರೆ. ಪ್ರಾಣಿಗಳ ಸಣ್ಣ ಗೊಂಬೆ ಕೂಡಿಸುತ್ತೇನೆ. ಶರಣಬಸವೇಶ್ವರ ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಹಸಿರು ಹುಲಿ, ನೀಲಿ ಆನೆ ಅಲ್ಲ. ಚರ್ಮದ ಸುಕ್ಕು, ಮೂಗಿನ ಹೊಳ್ಳೆ, ಉಗುರು ಎಲ್ಲ ಇದ್ದ ಹಾಗೇ ಇರುವಂಥವು. ಶ್ಲೈಖ್, ಪಾಪೋ, ಕಲೆಕ್ಟಾ, ಹೀಗೆ ಕೈಗೆ ಸಿಕ್ಕಿದ ಕಂಪನಿ. ಹೊಸದು, ಹಳೆಯದು ಎರಡೂ ನಡೆಯುತ್ತದೆ.

ಒಂದು ಗೊಂಬೆ ಮನೆಗೆ ಬಂದರೆ ಅದರ ಬಗ್ಗೆ ಓದದೆ ಕಪಾಟಿಗೆ ಇಡುವುದಿಲ್ಲ. ಇದು ನನ್ನ ನಿಯಮ. ಆಫ್ರಿಕಾದ ಆನೆಗೆ ಸೊಂಡಿಲ ತುದಿಯಲ್ಲಿ ಎರಡು ಬೆರಳು, ನಮ್ಮ ಆನೆಗೆ ಒಂದೇ ಬೆರಳು ಅಂತ ಗೊತ್ತಾಗಿದ್ದು ಹಾಗೇ. ಓದಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಕಂಪನಿಯವರು ಅದನ್ನೂ ಬಿಡದೆ ಮಾಡಿದ್ದರು! ಆ ದಿನ ಊಟ ತಣ್ಣಗಾಯಿತು ಅಂತ ಮನೆಯವಳು ಬೈದಳು, ಅದು ಬೇರೆ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲನೆಯದು, ನನ್ನ ಜಿರಾಫೆ ಬೇಸಿಗೆ ಬಂದರೆ ಬಾಗುತ್ತದೆ. ಮುಂಗಾಲು ವಾಲಿ ವಾಲಿ ಕೊನೆಗೆ ಪಕ್ಕದ ಜೀಬ್ರಾ ಮೇಲೆ ಬೀಳುತ್ತದೆ. ನಮ್ಮಲ್ಲಿ ಮೇ ತಿಂಗಳು ಹೇಗಿರುತ್ತದೆ ನಿಮಗೆ ಗೊತ್ತಲ್ಲ, 42, 43 ಡಿಗ್ರಿ. ಪಶ್ಚಿಮದ ಗೋಡೆಗೆ ಶಹಾಬಾದ್ ಫರ್ಸಿ ಕಲ್ಲಿನ ಕಪಾಟು. ರಾತ್ರಿ ಒಂಬತ್ತಕ್ಕೆ ಮುಟ್ಟಿದರೂ ಬೆಚ್ಚಗಿರುತ್ತದೆ. ಕೆಲವು ಗೊಂಬೆ ಅಂಟಂಟೂ ಆಗಿವೆ. ಇದಕ್ಕೆ ಏನು ಮಾಡುತ್ತೀರಿ?

ಎರಡನೆಯದು, ಇದೇ ಜಾಸ್ತಿ ಕಾಡುತ್ತಿರುವುದು. ಕಪಾಟು ತುಂಬ ಆಫ್ರಿಕಾ ಇದೆ. ಸಿಂಹ ಇದೆ, ವಿಲ್ಡಬೀಸ್ಟ್ ಇದೆ, ಮೀರ್‌ಕ್ಯಾಟ್ ಕೂಡ ಇದೆ. ನಮ್ಮ ಮನೆಯಿಂದ ಬೈಕ್‌ನಲ್ಲಿ ಹೋಗಿ ಬರುವಷ್ಟು ದೂರದ ಚಿಂಚೋಳಿ ಕಾಡಿನ ಪ್ರಾಣಿ ಒಂದೂ ಇಲ್ಲ. ತೋಳ, ಕತ್ತೆಕಿರುಬ, ಚಿಗರಿ (ಕೃಷ್ಣಮೃಗ), ಕೊಂಡುಕುರಿ ಇವು ಯಾರಾದರೂ ಮಾಡುತ್ತಾರಾ? ಇಲ್ಲದಿದ್ದರೆ ಇದ್ದದ್ದನ್ನೇ ಬಣ್ಣ ಬಳಿದು ನಮ್ಮದು ಮಾಡಬಹುದಾ?

ಬಿಸಿಲ ನಾಡು:

ಜಿರಾಫೆಗೆ ಕೂಲರ್ ಹಾಕಿಸಿ ಅಣ್ಣ 😀

ತಮಾಷೆ ಬಿಡಿ. ರೇಟ್ ಯಾಕೆ ಅಷ್ಟು ಅಂತ ಹೊಸಬರು ಕೇಳುತ್ತಾರೆ, ಅದಕ್ಕೆ ಬರೆದೆ. ಹೊರದೇಶದ ಆಟಿಕೆಗೆ 2020ರಲ್ಲಿ ಕಸ್ಟಮ್ಸ್ ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಮೇಲೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಹಾಗಾಗಿ ಎಷ್ಟೋ ಅಂಗಡಿಯವರು ತರಿಸುವುದೇ ಬಿಟ್ಟರು. ಹಳೆಯ ಸ್ಟಾಕ್, ಇಲ್ಲ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುವ ಮಾಲು, ಅಷ್ಟೇ ಗತಿ.

ಗೊರಸು ಕಾಕಾ, ಬೀದರ್:

ಮುನೀಮರೇ, ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ರಿಟೈರ್ ಆದವನು. ಜೀವಮಾನ ಪೂರ್ತಿ ದನದ ಕಾಲು ಹಿಡಿದವನಿಗೆ ಗೊಂಬೆಯ ಕಾಲು ಏನು ಲೆಕ್ಕ? ಮೊದಲು ಜಿರಾಫೆ ನೋಡೋಣ.

ಈ ಗೊಂಬೆಗಳು ಪಿವಿಸಿ ಅನ್ನುವ ಪ್ಲಾಸ್ಟಿಕ್. ಮೆತ್ತಗಾಗಲಿ ಅಂತ ಅದರಲ್ಲಿ ಎಣ್ಣೆಯಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಬಿಸಿಗೆ ಪಿವಿಸಿ ಇನ್ನೂ ಮೆತ್ತಗಾಗುತ್ತದೆ, ಮೈಭಾರಕ್ಕೆ ಸಣ್ಣ ಕಾಲು ಬಾಗುತ್ತದೆ. ಪಾತ್ರೆಯಲ್ಲಿ ನೀರು ಕಾಯಿಸಿ, ಕುದಿ ಬಂದ ಮೇಲೆ ಒಲೆಯಿಂದ ಇಳಿಸಿ, ಕಾಲು ಮಾತ್ರ ಒಂದೆರಡು ನಿಮಿಷ ಅದ್ದಿ. ಬಟ್ಟೆಯಲ್ಲಿ ಹಿಡಿದು ನೆಟ್ಟಗೆ ಮಾಡಿ. ಬಾಗಿದ್ದರ ಎದುರು ದಿಕ್ಕಿಗೆ ಒಂದು ಕೂದಲೆಳೆ ಜಾಸ್ತಿಯೇ ಎಳೆಯಿರಿ. ಹಿಡಿದುಕೊಂಡೇ ಐಸ್ ನೀರಿಗೆ ಇಳಿಸಿ. ಗಟ್ಟಿಯಾಗುವವರೆಗೆ ಕೈ ಬಿಡಬೇಡಿ. ಒಳಗೆ ಟೊಳ್ಳಿದ್ದ ಗೊಂಬೆಗೆ ಈ ಚಿಕಿತ್ಸೆ ಅಷ್ಟು ಹಿಡಿಯುವುದಿಲ್ಲ.

ಅಂಟು ಬರುವುದು ಆ ಮೆತ್ತಗಿನ ಪದಾರ್ಥ ಹೊರಗೆ ಜಿನುಗಿದಾಗ. ಪಾತ್ರೆ ತೊಳೆಯುವ ಸೋಪು ಎರಡು ಹನಿ, ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಶ್, ಸಾಕು. ಥಿನ್ನರ್, ಪೆಟ್ರೋಲ್ ಹತ್ತಿರವೂ ತರಬೇಡಿ, ಬಣ್ಣ ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಡಿ, ರೆಕ್ಸಿನ್ ಮೇಲೂ ನಿಲ್ಲಿಸಬೇಡಿ, ಅದಕ್ಕೆ ಹತ್ತಿಕೊಳ್ಳುತ್ತದೆ. ಮೊದಲು ಆ ಪಶ್ಚಿಮದ ಗೋಡೆ ಬಿಡಿ. ಫರ್ಸಿ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಕಕ್ಕುತ್ತದೆ. ಒಳಕೋಣೆಯ ಮರದ ಕಪಾಟು ಒಳ್ಳೆಯದು.

ಈಗ ಎರಡನೆಯ ಪ್ರಶ್ನೆ. ಕಂಪನಿಗಳು ಮಾರಾಟ ಆಗುವುದನ್ನು ಮಾಡುತ್ತವೆ. ನಮ್ಮ ದೇಶದಿಂದ ಅವರು ಎತ್ತಿಕೊಳ್ಳುವುದು ಹುಲಿ, ಆನೆ, ಒಂದು ಕೊಂಬಿನ ಖಡ್ಗಮೃಗ. ಬಯಲುಸೀಮೆಯ ಪ್ರಾಣಿಗೆ ಗಿರಾಕಿ ಕಡಿಮೆ. ಅದಕ್ಕೆ ಬೇಜಾರಾಗಬೇಡಿ, ಬಣ್ಣದ ಡಬ್ಬಿ ತೆಗೆಯಿರಿ. ಆದರೆ ಬಣ್ಣ ಬಳಿದರೆ ಪ್ರಾಣಿ ಬದಲಾಗುವುದಿಲ್ಲ, ಮೈಕಟ್ಟು ಬದಲಾಗಬೇಕು.

ಕತ್ತೆಕಿರುಬವನ್ನೇ ತಗೊಳ್ಳಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಆಫ್ರಿಕಾದ ಚುಕ್ಕೆಯದು. ಅದರ ಕಿವಿ ದುಂಡಗೆ. ನಮ್ಮದು ಪಟ್ಟೆಯದು, ಕಿವಿ ಉದ್ದ, ತುದಿ ಚೂಪು. ಕುತ್ತಿಗೆಯಿಂದ ಬಾಲದವರೆಗೆ ಜೂಲು, ಹೆದರಿದಾಗ ಅದು ನಿಗುರಿ ನಿಂತು ಪ್ರಾಣಿ ದೊಡ್ಡದಾಗಿ ಕಾಣುತ್ತದೆ. ನಾನು ದುಂಡು ಕಿವಿ ಕತ್ತರಿಸಿ ಎಂ-ಸೀಲ್‌ನಿಂದ ಹೊಸ ಕಿವಿ ಕಟ್ಟಿದೆ. ಅದೇ ಎಂ-ಸೀಲ್ ಬೆನ್ನ ಮೇಲೆ ಹಚ್ಚಿ, ಹಸಿ ಇರುವಾಗಲೇ ಸೂಜಿಯಿಂದ ಕೂದಲು ಎಳೆದೆ. ಮುಂಗಾಲು ಎತ್ತರ, ಹಿಂಗಾಲು ಗಿಡ್ಡ, ಬೆನ್ನು ಇಳಿಜಾರು, ಅದು ಎರಡಕ್ಕೂ ಇದೆ, ಅಷ್ಟು ಕೆಲಸ ಉಳಿಯಿತು.

ತೋಳ ಇನ್ನೂ ಕಷ್ಟ. ಗೊಂಬೆ ತೋಳ ಅಂದರೆ ಹಿಮದಲ್ಲಿ ಓಡಾಡುವ ದಪ್ಪ ಕೂದಲಿನದು. ನಮ್ಮ ತೋಳ ಬಡಕಲು, ಉದ್ದ ಕಾಲು, ಕೂದಲು ಗಿಡ್ಡ, ಕಂದು ಬೂದಿ ಬಣ್ಣ. ಕುರಿ ಕಾಯುವವರನ್ನು ಕೇಳಿ, ದೂರದಿಂದ ನಾಯಿ ಅಂದುಕೊಂಡೆವು ಅಂತಲೇ ಹೇಳುತ್ತಾರೆ. ಕೂದಲು ಕೆರೆದು ತೆಗೆಯಬೇಕು. ಸ್ಯಾಂಡ್ ಪೇಪರ್, ತಾಳ್ಮೆ ಎರಡೂ ಬೇಕು.

ಚಿಗರಿ ಕೊಳ್ಳುವ ಮುಂಚೆ ಸ್ಕೇಲ್ ಹಿಡಿಯಿರಿ. ಈ ಗೊಂಬೆಗಳಲ್ಲಿ ಒಂದಕ್ಕೆ ಇಪ್ಪತ್ತು ಅಳತೆ, ಅಂದರೆ ನಿಜದ ಇಪ್ಪತ್ತರಲ್ಲಿ ಒಂದು ಭಾಗ, ಹೆಚ್ಚು ಬಳಕೆಯಲ್ಲಿದೆ. ಗಂಡು ಚಿಗರಿ ಭುಜದ ಹತ್ತಿರ ಸುಮಾರು 80 ಸೆಂ.ಮೀ., ಭಾಗಿಸಿದರೆ 4 ಸೆಂ.ಮೀ. ಆನೆ 2.7 ಮೀಟರ್ ಹಿಡಿದರೆ ಹದಿಮೂರೂವರೆ ಸೆಂ.ಮೀ. ಚಿಗರಿ ಆನೆಯ ಅರ್ಧಕ್ಕೆ ಬಂತು ಅಂದರೆ ಕಂಪನಿಯವರು ಡಬ್ಬಿಯ ಅಳತೆ ನೋಡಿದ್ದಾರೆ, ಪ್ರಾಣಿಯ ಅಳತೆ ನೋಡಿಲ್ಲ. ಕೊಂಬು ಸುರುಳಿ ಸುತ್ತಿರಬೇಕು, ಕವಲು ಒಡೆದಿರಬಾರದು. ಕವಲೊಡೆದು ವರ್ಷ ವರ್ಷ ಉದುರುವುದು ಜಿಂಕೆಯ ಕೊಂಬು, ಚಿಗರಿಯದು ಸಾಯುವವರೆಗೂ ಇರುತ್ತದೆ. ಕಣ್ಣಿನ ಮುಂದೆ ಸೀಳಿದಂಥ ಒಂದು ಗುಳಿ ಇರುತ್ತದೆ, ಗಂಡು ಅದರ ವಾಸನೆ ಕಡ್ಡಿಗೆ, ಹುಲ್ಲಿಗೆ ಒರೆಸಿ ತನ್ನ ಜಾಗ ಗುರುತು ಮಾಡುತ್ತದೆ. ಅಷ್ಟು ಸಣ್ಣ ಮುಖದಲ್ಲಿ ಆ ಗುಳಿ ಕೆತ್ತಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಬೆಳಿಗ್ಗೆ ಬೇಗ ನಮ್ಮ ಬೀದರ್‌ನ ಹೊನ್ನಿಕೇರಿ ಕಾಡಿನ ಕಡೆ ಬಂದರೆ ನಿಜವಾದದ್ದನ್ನೇ ನೋಡಬಹುದು. ದುರ್ಬೀನು ತನ್ನಿ.

ಕೊಂಡುಕುರಿಯಲ್ಲಿ ನಾಲ್ಕು ಕೊಂಬು ಗಂಡಿಗೆ ಮಾತ್ರ. ಹೆಣ್ಣಿಗೂ ನಾಲ್ಕು ಇಟ್ಟವರ ಗೊಂಬೆ ವಾಪಸ್ ಕಳಿಸಿ.

ಇನ್ನೊಂದು. ಎಲ್ಲರೂ ಕಾಡು ಕಾಡು ಅನ್ನುತ್ತೀರಿ, ನಮ್ಮ ದೇವಣಿ ದನ ಯಾರಿಗೂ ನೆನಪಾಗಲಿಲ್ಲ. ನಾನು ಅಮೆರಿಕದ ಬ್ರಾಹ್ಮನ್ ಗೂಳಿಯ ಗೊಂಬೆ ತಂದು ದೇವಣಿ ಮಾಡಿದೆ. ಹಿಣಿಲು, ಗಂಗೆದೊಗಲು, ಜೋಲು ಕಿವಿ ಮೊದಲೇ ಇದ್ದವು. ಇರದೆ ಎಲ್ಲಿ ಹೋಗುತ್ತವೆ? ಆ ತಳಿ ಹುಟ್ಟಿದ್ದೇ ಇಲ್ಲಿಂದ ಹೋದ ಗೀರ್, ಓಂಗೋಲ್, ಕೃಷ್ಣಾ ಕಣಿವೆಯಂಥ ದನಗಳಿಂದ. ಮೈ ಬಿಳಿ, ಮುಖದ ಪಕ್ಕ ಮಾತ್ರ ಕಪ್ಪು ಹಚ್ಚಿದೆ, ಅದು ವಾನೆರಾ ಬಗೆ. ಮೈಯೆಲ್ಲ ಕಪ್ಪು ಬಿಳಿ ಮಚ್ಚೆ ಬಿದ್ದರೆ ಶೇವೆರಾ. ಮೊಮ್ಮಗಳು ಅದಕ್ಕೆ ಮೂಗುದಾರ ಹಾಕಿದ್ದಾಳೆ.

ಭಾಲ್ಕಿ ಹೊಸಬ:

ಕಾಕಾ, ನಮ್ಮ ಹಳೆ ಮನೆಯಲ್ಲಿ ನಿಜವಾದ ಚಿಗರಿ ಕೊಂಬು ಒಂದು ಜೊತೆ ಇದೆ. ಸುಮ್ನೆ ಧೂಳು ತಿನ್ನುತ್ತಿದೆ. ನೋಡಿಕೊಂಡು ಮಾಡಲು ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

ಗೊರಸು ಕಾಕಾ, ಬೀದರ್:

ಬೇಡಪ್ಪಾ! ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿದೆ. ಮಾಲೀಕತ್ವದ ಸರ್ಟಿಫಿಕೇಟ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು, ಇನ್ನೊಬ್ಬರಿಗೆ ದಾಟಿಸುವುದು ಇನ್ನೂ ದೊಡ್ಡ ತಪ್ಪು. ಮನೆಯ ಹಿರಿಯರನ್ನು ಕರೆದುಕೊಂಡು ಅರಣ್ಯ ಇಲಾಖೆ ಕಚೇರಿಗೆ ಹೋಗಿ ತಿಳಿಸಿ. ನೋಡಿಕೊಂಡು ಮಾಡಲು ಫೋಟೋ ಸಾಕು.

ಸುರಪುರದ ಕುಂಚ:

ಕಾಕಾ ಬರೆದದ್ದು ಓದಿ ನಾನೂ ಬಾಯಿ ಬಿಡುತ್ತಿದ್ದೇನೆ. ನಾನು ಕೊಳ್ಳುವುದಿಲ್ಲ, ಮಾಡುತ್ತೇನೆ. ನನ್ನದು ಹಕ್ಕಿ. ನಮ್ಮ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಅವನ್ನು ತಂತಿ ಮತ್ತು ಎಂ-ಸೀಲ್‌ನಲ್ಲಿ ಕಟ್ಟುತ್ತೇನೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಇಲ್ಲಿ ಬಂದು ಭತ್ತದ ಗದ್ದೆಯಲ್ಲಿ ಮೇಯುತ್ತಾ ನಿಂತರೆ ನಂಬಿಕೆಯೇ ಬರುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಅಕ್ರಿಲಿಕ್ ಬಳಸಿ, ಆದರೆ ಬಾಟಲಿಯ ಕಪ್ಪನ್ನು ಹಾಗೇ ಹಚ್ಚಬೇಡಿ. ಇಷ್ಟು ಸಣ್ಣ ಗೊಂಬೆಯ ಮೇಲೆ ಅಪ್ಪಟ ಕಪ್ಪು ಹಚ್ಚಿದರೆ ಆಕಾರವೇ ಕಾಣುವುದಿಲ್ಲ, ಒಂದು ತೂತಿನ ಹಾಗೆ ಕಾಣುತ್ತದೆ. ಕಡು ಕಂದಿಗೆ ಸ್ವಲ್ಪ ನೀಲಿ ಸೇರಿಸಿ. ಹೆಬ್ಬಾತಿನ ತಲೆಯ ಹಿಂದಿನ ಎರಡು ಪಟ್ಟೆ, ನಿಮ್ಮ ಕತ್ತೆಕಿರುಬದ ಪಟ್ಟೆ, ಎಲ್ಲಕ್ಕೂ ಇದೇ. ಕೊನೆಗೆ ಹೊಳೆಯದ ವಾರ್ನಿಶ್. ಹೊಳೆಯುವುದು ಹಚ್ಚಿದರೆ ಪ್ರಾಣಿ ಈಗ ತಾನೇ ಸ್ನಾನ ಮಾಡಿ ಬಂದಂತಿರುತ್ತದೆ. ಕಣ್ಣಿಗೆ ಮತ್ತು ಮೂಗಿನ ತುದಿಗೆ ಮಾತ್ರ ಹೊಳಪು ಬೇಕು.

ಸೇಡಂ ಮುನೀಮ:

ಕಾಕಾ, ಜಿರಾಫೆ ನೆಟ್ಟಗೆ ನಿಂತಿದೆ. ಅಕ್ಕಾ, ಬಣ್ಣದ ವಿಷಯ ಬರೆದಿಟ್ಟುಕೊಂಡೆ. ಇನ್ನೊಂದು ತಲೆಗೆ ಬಂತು. ಗಂಡು ಚಿಗರಿ ಮೇಲೆ ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ. ಇದು ಪೂರ್ತಿ ಬಿದ್ರಿ ಬಣ್ಣವೇ ಅಲ್ವಾ? ಬೀದರ್‌ನಲ್ಲಿ ಯಾರಿಂದಾದರೂ ಬಿದ್ರಿಯಲ್ಲಿ ಒಂದು ಚಿಗರಿ ಎರಕ ಹಾಕಿಸಿದರೆ?

ಚೌಬಾರಾ ಗಲ್ಲಿ:

ಭಾಯಿ, ನಮ್ಮ ಮನೆಯಲ್ಲಿ ಇದೇ ಕೆಲಸ. ಆಸೆ ಚೆನ್ನಾಗಿದೆ, ಆದರೆ ಕಾಲು ನಿಲ್ಲುವುದಿಲ್ಲ. ಬಿದ್ರಿ ಅಂದರೆ ಬಹುಪಾಲು ಸತು, ಸ್ವಲ್ಪ ತಾಮ್ರ. ಮರಳಿನ ಅಚ್ಚಿಗೆ ಹೊಯ್ಯುತ್ತೇವೆ. ಬಿದ್ದರೆ ಮುರಿಯುವ ಲೋಹ. ಆನೆ ಮಾಡುತ್ತೇವೆ, ಯಾಕೆಂದರೆ ಆನೆಯ ಕಾಲು ಕಂಬ. ಚಿಗರಿಯ ಕಾಲು ಕಡ್ಡಿ, ಅಚ್ಚಿನಿಂದ ತೆಗೆಯುವಾಗಲೇ ಹೋಗುತ್ತದೆ. ಅದೂ ಅಲ್ಲದೆ ನಮ್ಮ ಆನೆಯ ಮೈ ತುಂಬ ಹೂಬಳ್ಳಿ ಇರುತ್ತದೆ, ನಿಮಗೆ ಬೇಕಿರುವುದು ಚರ್ಮದ ಸುಕ್ಕು.

ಬೇಕಿದ್ದರೆ ಹೀಗೆ ಮಾಡೋಣ. ಅಂಗೈ ಅಗಲದ ತಟ್ಟೆ, ಅದರಲ್ಲಿ ಚಿಗರಿಯ ಹೊಟ್ಟೆ, ಕಣ್ಣುಂಗುರ, ಒಳಗಾಲು ಮಾತ್ರ ಬೆಳ್ಳಿ ಕೂರಿಸುತ್ತೇವೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ಬೆನ್ನಿನ ಕಪ್ಪು ತಾನಾಗೇ ಬರುತ್ತದೆ, ನಾವು ಅಲ್ಲಿ ಕೈಯೇ ಹಚ್ಚುವುದಿಲ್ಲ. ಕಾಕಾ ಹೇಳಿದ ಕಣ್ಣಿನ ಮುಂದಿನ ಗುಳಿಯನ್ನೂ ಉಳಿಯಿಂದ ಒಂದು ಗೀರು ಎಳೆದು ತೋರಿಸಬಹುದು. ಫೋಟೋ ಪಕ್ಕದಿಂದ ತೆಗೆದದ್ದು ತನ್ನಿ, ಮುಂದಿನಿಂದ ತೆಗೆದದ್ದು ಬೇಡ.

ಸೇಡಂ ಮುನೀಮ:

ಆಗಲಿ ಭಾಯಿ, ತೊಗರಿ ಸೀಸನ್ ಮುಗಿದ ಮೇಲೆ ಬರುತ್ತೇನೆ. ಕಾಕಾ, ಕತ್ತೆಕಿರುಬಕ್ಕೆ ಕೈ ಹಾಕಿದ್ದೇನೆ, ಕಿವಿ ಕಟ್ಟಿ ಆಯಿತು. ಪಕ್ಕದಲ್ಲಿ ಪಟ್ಟೆ ಎಷ್ಟು ಎಳೆಯಬೇಕು?

ಗೊರಸು ಕಾಕಾ, ಬೀದರ್:

ಪಕ್ಕೆಯ ಮೇಲೆ ಐದರಿಂದ ಒಂಬತ್ತರವರೆಗೆ ನಡೆಯುತ್ತದೆ, ಮೇಲಿನಿಂದ ಕೆಳಕ್ಕೆ. ಎಡಕ್ಕೂ ಬಲಕ್ಕೂ ಒಂದೇ ತರಹ ಎಳೆಯಬೇಡಿ. ಕಾಲಿನ ಮೇಲೆ ಅಡ್ಡ ಪಟ್ಟೆ, ಸಣ್ಣಗೆ, ಒತ್ತೊತ್ತಾಗಿ. ಗಂಟಲ ಹತ್ತಿರ ದೊಡ್ಡ ಕಪ್ಪು ಮಚ್ಚೆ ಇರುತ್ತದೆ, ಅದನ್ನು ಎಲ್ಲರೂ ಬಿಡುತ್ತಾರೆ, ನೀವು ಬಿಡಬೇಡಿ. ಪಂಜಕ್ಕೆ ನಾಲ್ಕೇ ಬೆರಳು. ಹಚ್ಚಿದ ಮೇಲೆ ಇಲ್ಲಿ ಫೋಟೋ ಹಾಕಿ, ಕಾಲಿನ ಫೋಟೋ ಬೇರೆ ಹಾಕಿ.